ಹೊರೆ ಬೇರೆ, ಹೆದರಿಕೆ ಬೇರೆ: ಕೆಲಸದ ಆತಂಕ ಅಂಟಿಕೊಂಡವರಿಗೆ

ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆ. ಊಟ ಆಗಿದೆ, ಒಂದು ಸಣ್ಣ ನಿದ್ದೆಯೂ ಆಗಿದೆ. ಒಲೆ ಮೇಲೆ ಕಾಫಿಗೆ ಹಾಲು ಕಾಯುತ್ತಿದೆ. ಅಷ್ಟರಲ್ಲಿ ಹೊಟ್ಟೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ ಶುರುವಾಗುತ್ತದೆ. ಹಸಿವಲ್ಲ, ಅಜೀರ್ಣವೂ ಅಲ್ಲ. ನಾಳೆ ಸೋಮವಾರ, ಅಷ್ಟೇ.

ನಾನು ಬ್ಯಾಂಕ್ ನೌಕರ. ಕೊಬ್ಬರಿ ವ್ಯಾಪಾರ ಜೋರಾಗಿರುವ ಒಂದು ಊರಿನ ಬ್ರಾಂಚಿನಲ್ಲಿ ಕ್ಯಾಶ್ ನೋಡಿಕೊಳ್ಳುತ್ತಿದ್ದಾಗ ಈ ಭಾನುವಾರದ ಹೊಟ್ಟೆನೋವು ನನಗೆ ಅಂಟಿಕೊಂಡಿತು. ಮೂರು ವರ್ಷ ಅದನ್ನು ಗ್ಯಾಸ್ ಅಂದುಕೊಂಡೇ ಕಳೆದೆ. ಮಾತ್ರೆ ನುಂಗಿದೆ, ಓಮದ ನೀರು ಕುಡಿದೆ, ಬೇಳೆ ತಿನ್ನುವುದನ್ನೇ ಬಿಟ್ಟೆ. ಪಾಪ, ಬೇಳೆ ಏನೂ ಮಾಡಿರಲಿಲ್ಲ.

ನಿಜ ಗೊತ್ತಾಗಿದ್ದು ವಿಚಿತ್ರ ರೀತಿಯಲ್ಲಿ. ಬ್ಯಾಂಕಿನಲ್ಲಿ ಹಣ, ಲೆಕ್ಕ ಕೈಯಲ್ಲಿರುವ ಹುದ್ದೆಯವರಿಗೆ ವರ್ಷಕ್ಕೊಮ್ಮೆ ಕಡ್ಡಾಯ ರಜೆ ಇರುತ್ತದೆ. ಒಟ್ಟಿಗೆ ಕನಿಷ್ಠ 10 ಕೆಲಸದ ದಿನ. ಮುಂಚೆ ಹೇಳುವುದಿಲ್ಲ, ಇದ್ದಕ್ಕಿದ್ದಂತೆ 'ನಾಳೆಯಿಂದ ಬರಬೇಡಿ' ಅನ್ನುತ್ತಾರೆ. ಅಷ್ಟು ದಿನ ಕೆಲಸದ ಸಿಸ್ಟಮ್ ಮುಟ್ಟುವ ಹಾಗಿಲ್ಲ. ರಿಸರ್ವ್ ಬ್ಯಾಂಕ್ 2021ರ ಜುಲೈನಲ್ಲಿ ಇದರ ಬಗ್ಗೆ ಸುತ್ತೋಲೆ ಹೊರಡಿಸಿದೆ. ನಮಗೆ ವಿಶ್ರಾಂತಿ ಸಿಗಲಿ ಅನ್ನುವ ಕರುಣೆಯೇನೂ ಅದರಲ್ಲಿಲ್ಲ. ನಾವೇನಾದರೂ ಗೋಲ್‌ಮಾಲ್ ಮಾಡಿದ್ದರೆ ನಾವಿಲ್ಲದಾಗ ಹೊರಗೆ ಬೀಳಲಿ ಅಂತ. ನನ್ನ ವಿಷಯದಲ್ಲಿ ಹೊರಗೆ ಬಿದ್ದಿದ್ದು ಬೇರೆ. ನಾಲ್ಕನೇ ದಿನಕ್ಕೆ ಹೊಟ್ಟೆನೋವು ಮಾಯ. ಹುರುಳಿ ಬಸ್ಸಾರು ಹೊಡೆದೆ, ಹಲಸಿನ ಹಣ್ಣು ತಿಂದೆ, ಏನೂ ಆಗಲಿಲ್ಲ. ರಜೆಯ ಕೊನೆಯ ದಿನ, ಸರಿಯಾಗಿ ನಾಲ್ಕು ಗಂಟೆಗೆ, ವಾಪಸ್ ಬಂತು.

ಆಮೇಲೆ ಡಾಕ್ಟರ ಹತ್ತಿರ ಹೋದೆ, ಕೌನ್ಸೆಲರ್ ಹತ್ತಿರ ಕೂತೆ, ಒಂದಿಷ್ಟು ಓದಿದೆ, ಜಾಸ್ತಿ ತಪ್ಪು ಮಾಡಿದೆ. ನಾನು ವೈದ್ಯನಲ್ಲ. ಆದರೆ ಈ ದಾರಿಯಲ್ಲಿ ನಡೆದವನು. ಕಲಿತದ್ದರಲ್ಲಿ ಮುಖ್ಯವಾದದ್ದು ಒಂದೇ: ಹೊರೆ ಬೇರೆ, ಹೆದರಿಕೆ ಬೇರೆ. ಎಂಟು ಗಂಟೆಯಲ್ಲಿ ಹನ್ನೆರಡು ಗಂಟೆಯ ಕೆಲಸ ಇದ್ದರೆ ಅದು ಹೊರೆ. ಪ್ರಾಣಾಯಾಮ ಮಾಡಿದರೆ ಅದು ಕಮ್ಮಿಯಾಗುವುದಿಲ್ಲ, ಮಾತಾಡಿ ಕಮ್ಮಿ ಮಾಡಿಸಬೇಕು. ಕೆಲಸ ಮುಗಿದ ಮೇಲೂ ರಾತ್ರಿ ಎರಡಕ್ಕೆ ಎದ್ದು ಕೂತು 'ಆ ವೋಚರ್ ಮೇಲೆ ಸಹಿ ಹಾಕಿದ್ದೆನಾ?' ಅಂತ ಬೆವರುವುದು ಹೆದರಿಕೆ. ಎಷ್ಟು ರಜೆ ಕೊಟ್ಟರೂ ಅದು ತಾನಾಗಿ ಹೋಗುವುದಿಲ್ಲ. ನಮ್ಮಲ್ಲಿ ಜನ ಒಂದರ ಮದ್ದನ್ನು ಇನ್ನೊಂದಕ್ಕೆ ಕೊಡುತ್ತಾರೆ. ಆಫೀಸಿನವರು ಹೊರೆಗೆ ಯೋಗ ಶಿಬಿರ ಇಡುತ್ತಾರೆ. ಮನೆಯವರು ಹೆದರಿಕೆಗೆ 'ಕೆಲಸ ಬಿಟ್ಟುಬಿಡು' ಅನ್ನುತ್ತಾರೆ.

ಮೊದಲು ಎರಡು ವಾರ ಬರೆಯಿರಿ

ಒಂದು ಸಣ್ಣ ನೋಟ್‌ಬುಕ್ ತೆಗೆದುಕೊಳ್ಳಿ, ಜೇಬಿಗೆ ಹಿಡಿಸುವಂಥದ್ದು. ಮೊಬೈಲ್ ಬೇಡ. ಅದನ್ನು ತೆಗೆದರೆ ವಾಟ್ಸಾಪ್ ಕಾಣುತ್ತದೆ, ಅಲ್ಲಿಗೆ ಮುಗೀತು. ಆತಂಕ ಬಂದಾಗಲೆಲ್ಲ ನಾಲ್ಕು ವಿಷಯ ಬರೆಯಿರಿ: ಎಷ್ಟು ಗಂಟೆ, ಅದಕ್ಕೆ ಮುಂಚೆ ಏನಾಯಿತು, ಮೈಯಲ್ಲಿ ಎಲ್ಲಿ ಕಾಣಿಸಿಕೊಂಡಿತು, ಹತ್ತಕ್ಕೆ ಎಷ್ಟು. ನನ್ನ ಪುಸ್ತಕದ ಎರಡು ಸಾಲು ಹೀಗಿವೆ:

ಬೆಳಿಗ್ಗೆ 9:40. ಗ್ರೂಪಿನಲ್ಲಿ ಬ್ರಾಂಚ್‌ವಾರು ಟಾರ್ಗೆಟ್ ಪಟ್ಟಿ ಬಂತು, ನಮ್ಮದು ಕೆಂಪು. ಕುತ್ತಿಗೆ, ಹೊಟ್ಟೆ. 8.

ಮಧ್ಯಾಹ್ನ 1:15. ಕೌಂಟರಿನಲ್ಲಿ ಒಬ್ಬರು ಜೋರಾಗಿ ಕೂಗಾಡಿದರು. ಮುಖ ಬಿಸಿ. 3.

ಎರಡು ವಾರ ಕಳೆದ ಮೇಲೆ ನೋಡಿದರೆ ನನಗೇ ಆಶ್ಚರ್ಯ. ಗಿರಾಕಿಗಳ ಜಗಳ, ಸಾಲುದ್ದ ಜನ, ಕೆಟ್ಟುಹೋಗುವ ಪ್ರಿಂಟರ್, ಇವು ನನ್ನ ಶತ್ರುಗಳು ಅಂದುಕೊಂಡಿದ್ದೆ. ಅವು ಯಾವತ್ತೂ 4 ದಾಟಿರಲಿಲ್ಲ. 7, 8 ಎಲ್ಲ ಎರಡೇ ಜಾಗದಲ್ಲಿ: ವಾಟ್ಸಾಪ್ ಗ್ರೂಪಿನ 'ಟಿಂಗ್', ಮತ್ತು ಸಂಜೆ ಕ್ಯಾಶ್ ಟ್ಯಾಲಿ ಆಗುವವರೆಗಿನ, ಅಂದರೆ ಎಣಿಸಿದ ಹಣ ಲೆಕ್ಕಕ್ಕೆ ಸರಿಹೊಂದುವವರೆಗಿನ, ಕೊನೆಯ ಇಪ್ಪತ್ತು ನಿಮಿಷ. 'ಕೆಲಸವೇ ಸಾಕಾಗಿದೆ' ಅನ್ನುತ್ತಿದ್ದವನ ಕೈಯಲ್ಲಿ ಈಗ ಎರಡು ಹೆಸರು ಇದ್ದವು. ಎರಡನ್ನು ಹೇಗೋ ನೋಡಿಕೊಳ್ಳಬಹುದು, ಅಲ್ವಾ?

ನಿಮ್ಮ ಪುಸ್ತಕದಲ್ಲಿ ಬೇರೆಯೇ ಇರುತ್ತದೆ. ಶಿಕ್ಷಕರಿಗೆ ಪೋಷಕರ ಫೋನ್ ಇರಬಹುದು. ನೈಟ್ ಶಿಫ್ಟ್ ಸಪೋರ್ಟ್ ಮಾಡುವವರಿಗೆ ಅಲರ್ಟ್ ಶಬ್ದ. ಡೆಲಿವರಿ ಹುಡುಗರಿಗೆ ರೇಟಿಂಗ್. ಊಹಿಸಬೇಡಿ, ಬರೆದು ನೋಡಿ.

ಇದರ ಜೊತೆಗೇ ಮೈಯನ್ನೂ ತೋರಿಸಿಬಿಡಿ

ಎದೆ ಢವಢವ, ಕೈ ನಡುಕ, ಬೆವರು, ನಿದ್ದೆ ಬಾರದಿರುವುದು, ಇವೆಲ್ಲ ಥೈರಾಯ್ಡ್ ಜಾಸ್ತಿ ಇದ್ದರೂ ಬರುತ್ತವೆ. ರಕ್ತ ಕಮ್ಮಿ ಇದ್ದರೂ ಎದೆ ಬಡಿದುಕೊಳ್ಳುತ್ತದೆ, ಸುಸ್ತಾಗುತ್ತದೆ. ಹಾಗಾಗಿ ಒಮ್ಮೆ ಡಾಕ್ಟರ ಹತ್ತಿರ ಹೋಗಿ ಬಿಪಿ, ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸಿ. ಎದೆನೋವು ತೋಳಿಗೋ ದವಡೆಗೋ ಇಳಿದರೆ, ಉಸಿರು ಕಟ್ಟಿದರೆ, ಅದನ್ನು ಟೆನ್ಷನ್ ಅಂದುಕೊಂಡು ಮನೆಯಲ್ಲಿ ಕೂರಬೇಡಿ. ಮೊದಲು ಇಸಿಜಿ, ಆಮೇಲೆ ಮಿಕ್ಕ ಮಾತು.

ಕಾಫಿ ಲೆಕ್ಕವನ್ನೂ ಹಾಕಿ. ನಮ್ಮ ಬ್ರಾಂಚಿನಲ್ಲಿ ಹತ್ತೂವರೆಗೆ, ಹನ್ನೆರಡಕ್ಕೆ, ಮೂರಕ್ಕೆ, ಐದಕ್ಕೆ, ಹೀಗೆ ಕಾಫಿ ಬರುತ್ತಲೇ ಇರುತ್ತಿತ್ತು. ಕುಡಿದ ಕೆಫೀನಿನ ಅರ್ಧ ಭಾಗ ಮೈಯಿಂದ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಐದರ ಕಾಫಿ ರಾತ್ರಿ ಹತ್ತಕ್ಕೆ ಅರ್ಧ ಲೋಟ ಒಳಗೇ ಇರುತ್ತದೆ ಅಂದುಕೊಳ್ಳಿ. ಕೆಫೀನ್ ಜಾಸ್ತಿಯಾದರೂ ಎದೆ ಬಡಿತ ಏರುತ್ತದೆ, ಕೈ ನಡುಗುತ್ತದೆ. ಆಗ ಆತಂಕ ಯಾವುದು, ಕಾಫಿ ಯಾವುದು ಅಂತಲೇ ಗೊತ್ತಾಗುವುದಿಲ್ಲ. ನಾನು ಎರಡಕ್ಕೆ ಇಳಿಸಿದೆ, ಎರಡೂ ಮಧ್ಯಾಹ್ನದೊಳಗೆ. ಒಂದೇ ಸಲ ಪೂರ್ತಿ ಬಿಡಬೇಡಿ, ತಲೆನೋವು ಬರುತ್ತದೆ. ಮನೆಯವರಿಗೆ ನಿಮ್ಮ ಮುಖ ನೋಡುವುದು ಕಷ್ಟ ಆಗುತ್ತದೆ.

ಗಾಬರಿ ಬಂದ ಗಳಿಗೆಯಲ್ಲಿ ಏನು ಮಾಡಬೇಕು

ಒಂದು ಸಂಜೆಯ ಕಥೆ ಹೇಳುತ್ತೇನೆ. ಕೊಬ್ಬರಿ ಹರಾಜಿನ ದಿನ. ಬೆಳಿಗ್ಗೆಯಿಂದ ಕೌಂಟರ್ ಮುಂದೆ ಜಾಗ ಇಲ್ಲ. ಸಂಜೆ ಟ್ಯಾಲಿ ಮಾಡಿದರೆ 40,000 ರೂಪಾಯಿ ಶಾರ್ಟ್. ಶಾರ್ಟ್ ಬಂದರೆ ನಮ್ಮ ಕೈಯಿಂದಲೇ ಕಟ್ಟಬೇಕು. ನಾನು ಒಟ್ಟು ಮೊತ್ತವನ್ನು ಮೂರು ಸಲ ಕೂಡಿದೆ. ನೋಟು ಎಣಿಸುವ ಮೆಷಿನ್ನಿಗೆ ಕಟ್ಟುಗಳನ್ನು ಮತ್ತೆ ಮತ್ತೆ ಹಾಕಿದೆ. ಬೆರಳು ಒದ್ದೆ, ಕಿವಿಯಲ್ಲಿ ಗುಂಯ್ ಶಬ್ದ. ಮೂರು ಸಲವೂ ಅದೇ 40,000.

ಜೊತೆಗಿದ್ದ ಹಿರಿಯ ಮೇಡಂ ಮೆಷಿನ್ ಆಫ್ ಮಾಡಿದರು. "ಕೂತ್ಕೊಳ್ಳಿ. ಐದು ನಿಮಿಷ ಏನೂ ಎಣಿಸ್ಬೇಡಿ, ನೀರು ಕುಡೀರಿ" ಅಂದರು. ಕೂತೆ. ಉಸಿರು ತಹಬಂದಿಗೆ ಬಂದ ಮೇಲೆ ಅದೇ ಹಾಳೆ ನೋಡಿದೆ. ನೋಟುಗಳ ವಿವರದಲ್ಲಿ 500ರ ಕಟ್ಟು ಒಂದು ಕಮ್ಮಿ ಇತ್ತು, 100ರ ಕಟ್ಟು ಒಂದು ಜಾಸ್ತಿ ಇತ್ತು. ಕೂಲಿ ಬಟವಾಡೆಗೆ ಅಂತ 10,000ಕ್ಕೆ ನೂರರ ಕಟ್ಟು ಕೇಳಿದ ವ್ಯಾಪಾರಿಯೊಬ್ಬರಿಗೆ ಗಡಿಬಿಡಿಯಲ್ಲಿ 500ರ ಕಟ್ಟು ಹೋಗಿತ್ತು. ಫೋನ್ ಮಾಡಿದೆವು. ಅವರು ಕಟ್ಟು ಬಿಚ್ಚಿಯೇ ಇರಲಿಲ್ಲ, ಮಾರನೇ ದಿನ ತಂದುಕೊಟ್ಟರು.

ಉತ್ತರ ಮೊದಲಿನಿಂದಲೂ ಕೈಯಲ್ಲಿದ್ದ ಹಾಳೆಯಲ್ಲೇ ಇತ್ತು. ಕಣ್ಣಿಗೆ ಬಿದ್ದಿರಲಿಲ್ಲ. ಗಾಬರಿ ಮಾಡುವ ಕೆಲಸವೇ ಅದು. ಅಪಾಯ ಅಂದಾಕ್ಷಣ ಮೈ ಅಡ್ರಿನಾಲಿನ್ ಸುರಿಸುತ್ತದೆ, ಹೃದಯ ಓಡುತ್ತದೆ, ನೋಟ ಒಂದೇ ಕಡೆ ನೆಟ್ಟುಬಿಡುತ್ತದೆ. ಹುಲಿ ಎದುರಿಗಿದ್ದರೆ ಒಳ್ಳೆಯದೇ. ಟ್ಯಾಲಿ ಹಾಳೆ ಎದುರಿಗಿದ್ದರೆ ದಂಡ. ಹಾಗಾಗಿ ಗಾಬರಿಯಲ್ಲಿ ಸಮಸ್ಯೆ ಬಿಡಿಸಲು ಹೋಗಬೇಡಿ, ಮೊದಲು ಮೈಯನ್ನು ಇಳಿಸಿ.

ಹೇಗೆ? ಉಸಿರು ಒಳಗೆ ಎಳೆಯುವುದಕ್ಕಿಂತ ಹೊರಗೆ ಬಿಡುವುದು ಉದ್ದ ಇರಲಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಎಳೆದುಕೊಳ್ಳಿ, ಆರು ಎಣಿಸುವಷ್ಟು ನಿಧಾನ ಬಿಡಿ. ಉಸಿರು ಬಿಡುವಾಗ ಹೃದಯದ ಬಡಿತ ತಾನಾಗಿ ಸ್ವಲ್ಪ ಇಳಿಯುತ್ತದೆ. ಮಿದುಳಿನಿಂದ ಎದೆ, ಹೊಟ್ಟೆಯವರೆಗೆ ಹೋಗುವ ವೇಗಸ್ ನರದ ಕೆಲಸ ಅದು. ಐದು ನಿಮಿಷ ಸಾಕು. 'ಉಸಿರು ಜೋರಾಗಿ ಎಳ್ಕೊಳ್ಳಿ' ಅಂತ ಸುತ್ತಲಿನವರು ಹೇಳುತ್ತಾರೆ. ಅದು ಉಲ್ಟಾ ಹೊಡೆಯುತ್ತದೆ. ಜೋರಾಗಿ ಎಳೆದೆಳೆದು ಬಿಟ್ಟರೆ ತಲೆ ತಿರುಗಿ, ಬೆರಳು ಜುಮ್ ಅಂದು, ಗಾಬರಿ ಇನ್ನೂ ಏರುತ್ತದೆ.

ಉಸಿರು ಎಣಿಸುವುದೇ ಕಿರಿಕಿರಿ ಅನ್ನುವವರಿದ್ದಾರೆ. ಅವರಿಗೆ ಸ್ನಾಯು ಬಿಗಿ ಹಿಡಿದು ಬಿಡುವುದು ಒಗ್ಗುತ್ತದೆ. ಮುಷ್ಟಿ ಐದು ಸೆಕೆಂಡ್ ಗಟ್ಟಿ ಹಿಡಿಯಿರಿ, ಥಟ್ ಅಂತ ಬಿಡಿ, ಹತ್ತು ಸೆಕೆಂಡ್ ಸುಮ್ನೆ ಇರಿ. ಆಮೇಲೆ ಭುಜ, ಆಮೇಲೆ ಪಾದ. ಅಮೆರಿಕದ ಎಡ್ಮಂಡ್ ಜೇಕಬ್ಸನ್ ಅನ್ನುವ ವೈದ್ಯರು ಸುಮಾರು ನೂರು ವರ್ಷದ ಹಿಂದೆ ರೂಪಿಸಿದ ಪದ್ಧತಿ ಇದು. ಮೇಜಿನ ಕೆಳಗೆ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಮೀಟಿಂಗಿನಲ್ಲಿ ಪಾದದ ಬೆರಳು ಮುದುರಿಕೊಂಡು ಕೂತವನು ನಾನೊಬ್ಬನೇ ಅಲ್ಲ ಅಂತ ಆಮೇಲೆ ತಿಳಿಯಿತು.

ಇದನ್ನು ಗಾಬರಿ ಇಲ್ಲದಾಗ ಅಭ್ಯಾಸ ಮಾಡಿ. ದಿನಾ ಐದು ನಿಮಿಷ, ಸ್ನಾನಕ್ಕೆ ಮುಂಚೆಯೋ ಬಸ್ಸಿನಲ್ಲೋ. ನೀರಿಗೆ ಬಿದ್ದ ಮೇಲೆ ಈಜು ಕಲಿಯಲು ಆಗುವುದಿಲ್ಲ. ಇನ್ನೊಂದು ವಿಷಯ ಗೊತ್ತಿರಲಿ: ಪ್ಯಾನಿಕ್ ಅನ್ನುವ ದೊಡ್ಡ ಗಾಬರಿ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯತೊಡಗುತ್ತದೆ. 'ಇದು ಹೀಗೇ ಏರುತ್ತಾ ಹೋಗಿ ನಾನು ಸತ್ತೇ ಹೋಗುತ್ತೇನೆ' ಅಂತ ಅನ್ನಿಸುವುದು ಗಾಬರಿಯ ಲಕ್ಷಣಗಳಲ್ಲೇ ಒಂದು.

ಚಿಂತೆಗೆ ಒಂದು ಟೈಮ್ ಕೊಡಿ

'ಚಿಂತೆ ಮಾಡಬೇಡ' ಅನ್ನುವಷ್ಟು ದಂಡದ ಸಲಹೆ ಇನ್ನೊಂದಿಲ್ಲ. ಮಾಡಿ, ಆದರೆ ಟೈಮ್ ಪ್ರಕಾರ ಮಾಡಿ. ಥಾಮಸ್ ಬೋರ್ಕೊವೆಕ್ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಅವರ ಜೊತೆಗಾರರು 1983ರಲ್ಲೇ ಈ ಉಪಾಯವನ್ನು ಪರೀಕ್ಷಿಸಿ ಬರೆದಿದ್ದಾರೆ. ದಿನಾ ಒಂದೇ ಹೊತ್ತು, ಒಂದೇ ಜಾಗ, ಅರ್ಧ ಗಂಟೆ. ಹಗಲಲ್ಲಿ ಚಿಂತೆ ಬಂದರೆ ಒಂದು ಸಾಲು ಬರೆದು 'ಏಳು ಗಂಟೆಗೆ ನೋಡ್ತೀನಿ' ಅಂತ ಮುಂದಕ್ಕೆ ಹಾಕುವುದು. ಗಿರಾಕಿಗೆ ಟೋಕನ್ ಕೊಟ್ಟು ಕೂರಿಸಿದ ಹಾಗೆ. ಹಾಸಿಗೆ ಮೇಲೆ ಮಾತ್ರ ಈ ಕೆಲಸ ಬೇಡ, ಮಲಗುವ ಹೊತ್ತಿಗೆ ಹತ್ತಿರವೂ ಬೇಡ.

ನನ್ನ ಜಾಗ ಮನೆಯ ಹಿತ್ತಲ ಕಟ್ಟೆ. ಏಳು ಗಂಟೆಗೆ ಕೂತು ಪುಸ್ತಕ ತೆಗೆಯುತ್ತಿದ್ದೆ. ಬೆಳಿಗ್ಗೆ ಬೆಟ್ಟದಷ್ಟಿದ್ದ ಏಳೆಂಟು ಚಿಂತೆಯಲ್ಲಿ ಐದಕ್ಕೆ ಆಗಲೇ ಅರ್ಥವೇ ಇರುತ್ತಿರಲಿಲ್ಲ. ಉಳಿದವನ್ನು ಎರಡು ಗುಂಪು ಮಾಡುತ್ತಿದ್ದೆ. ನಾಳೆ ಏನಾದರೂ ಮಾಡಬಹುದಾದದ್ದು, ಏನೂ ಮಾಡಲಾಗದ್ದು. ಮಾಡಬಹುದಾದದ್ದಕ್ಕೆ ನಾಳೆಯ ಮೊದಲ ಹೆಜ್ಜೆ ಮಾತ್ರ ಬರೆಯುವುದು. 'ಆಡಿಟ್ ಮುಗಿಸಬೇಕು' ಅಂತಲ್ಲ, 'ಹತ್ತು ಗಂಟೆಗೆ ಲಾಕರ್ ರಿಜಿಸ್ಟರ್ ತೆಗೆಯುವುದು' ಅಂತ.

ಏನೂ ಮಾಡಲಾಗದ್ದಕ್ಕೆ ಇನ್ನೊಂದು ಆಟ ಇದೆ. ಏನಾಗುತ್ತೆ ಅಂತ ಹೆದರಿದ್ದೀರೋ ಅದನ್ನು ತಾರೀಖಿನ ಜೊತೆ ಸ್ಪಷ್ಟವಾಗಿ ಬರೆದಿಡಿ. 'ಶುಕ್ರವಾರದ ರಿವ್ಯೂನಲ್ಲಿ ಎಲ್ಲರ ಮುಂದೆ ನನ್ನ ಹೆಸರು ತೆಗೆದು ಬೈಯುತ್ತಾರೆ.' ಶನಿವಾರ ಪಕ್ಕದಲ್ಲಿ ನಡೆದದ್ದನ್ನು ಬರೆಯಿರಿ. ನನ್ನ ಪುಸ್ತಕದಲ್ಲಿ ಹೆದರಿದ್ದೆಲ್ಲ ಸುಳ್ಳಾಗಲಿಲ್ಲ. ಎರಡು ಸಲ ನಿಜವಾಗಿಯೂ ಬೈದರು. ಆದರೆ ಬೈಸಿಕೊಂಡ ದಿನದ ಅಂಕಿ 6. ಬೈಯುತ್ತಾರೆ ಅಂತ ಕಾದ ಹಿಂದಿನ ನಾಲ್ಕು ದಿನದ ಅಂಕಿ 8. ಹಗ್ಗವೋ ಹಾವೋ ಅಂತ ಕತ್ತಲಲ್ಲಿ ಕೂತದ್ದೇ ಹಾವಿಗಿಂತ ಜಾಸ್ತಿ ಕಾಡಿತ್ತು.

ತಪ್ಪಿಸಿಕೊಳ್ಳುವುದನ್ನು ನಿಲ್ಲಿಸಿ

ಹೆಚ್ಚು ಕಷ್ಟದ ಹೆಜ್ಜೆ ಇದು. ಹೆಚ್ಚು ಕೆಲಸ ಮಾಡಿದ್ದೂ ಇದೇ.

ರೀಜನಲ್ ಆಫೀಸಿನಿಂದ ಫೋನ್ ಬಂದರೆ ನಾನು ಬಾತ್‌ರೂಮಿಗೆ ಹೋಗುತ್ತಿದ್ದೆ. ರಿಂಗ್ ನಿಂತ ಕೂಡಲೇ ಆಹಾ ಎಂಥ ನೆಮ್ಮದಿ! ಆ ನೆಮ್ಮದಿಯೇ ವಿಷ. ಮಿದುಳು ಪಾಠ ಕಲಿಯುತ್ತದೆ: 'ಫೋನ್ ಅಪಾಯ, ಓಡಿದ್ದಕ್ಕೇ ಬದುಕಿದೆ.' ಮುಂದಿನ ರಿಂಗ್ ಇನ್ನೂ ಜೋರಾಗಿ ಕೇಳಿಸುತ್ತದೆ.

ತಪ್ಪಿಸಿಕೊಳ್ಳುವುದು ಅಂದರೆ ಓಡುವುದು ಮಾತ್ರ ಅಲ್ಲ. ಅತಿಯಾಗಿ ಪರೀಕ್ಷಿಸುವುದೂ ಅದೇ. ಸ್ಟ್ರಾಂಗ್ ರೂಮ್ ಬಾಗಿಲನ್ನು ನಿಯಮದ ಪ್ರಕಾರ ಇಬ್ಬರು ಸೇರಿ ಹಾಕಿದ ಮೇಲೂ ನಾನು ಮೂರು ಸಲ ಹ್ಯಾಂಡಲ್ ಎಳೆಯುತ್ತಿದ್ದೆ. ಬಸ್ ಸ್ಟ್ಯಾಂಡಿನಿಂದ ವಾಪಸ್ ಬಂದು ಷಟರ್ ನೋಡಿದ್ದೂ ಇದೆ. ಒಂದು ಇಮೇಲ್ ಕಳಿಸಲು ಆರು ಸಲ ಓದುವುದು, ಮಾಡಿದ್ದು ಸರಿಯಾ ಅಂತ ಪಕ್ಕದವರನ್ನು ಕೇಳುತ್ತಲೇ ಇರುವುದು, ಎಲ್ಲ ಒಂದೇ ಜಾತಿ.

ಒಂದು ಏಣಿ ಮಾಡಿಕೊಳ್ಳಿ. ಸುಲಭದ್ದು ಕೆಳಗೆ, ಕಷ್ಟದ್ದು ಮೇಲೆ. ನನ್ನದು ಹೀಗಿತ್ತು: ಮೊದಲ ವಾರ ಇಮೇಲ್ ಎರಡೇ ಸಲ ಓದಿ ಕಳಿಸುವುದು. ಎರಡನೇ ವಾರ ಹ್ಯಾಂಡಲ್ ಒಂದೇ ಸಲ ಎಳೆಯುವುದು. ಮೂರನೇ ವಾರ ರೀಜನಲ್ ಆಫೀಸ್ ಫೋನನ್ನು ಮೂರನೇ ರಿಂಗಿನೊಳಗೆ ಎತ್ತುವುದು. ಕೊನೆಯದು, ಉತ್ತರ ಗೊತ್ತಿಲ್ಲದ ಪ್ರಶ್ನೆಗೆ "ನೋಡಿ ಅರ್ಧ ಗಂಟೆಯಲ್ಲಿ ಹೇಳ್ತೀನಿ ಸರ್" ಅನ್ನುವುದು. ಹಾಗಂದರೆ ಆಕಾಶ ಕಳಚಿ ಬೀಳುತ್ತದೆ ಅಂದುಕೊಂಡಿದ್ದೆ. ಆ ಕಡೆಯಿಂದ ಬಂದ ಉತ್ತರ: "ಹ್ಞೂಂ, ಬೇಗ ಹೇಳಿ."

ಪ್ರತಿ ಮೆಟ್ಟಿಲಲ್ಲೂ ಮೊದಲು ಆತಂಕ ಏರುತ್ತದೆ. ಏರಲಿ. ಅಲ್ಲೇ ಇದ್ದರೆ ಇಳಿಯುತ್ತದೆ. ಇಳಿಯುವುದನ್ನು ನೀವು ಕಣ್ಣಾರೆ ನೋಡಬೇಕು, ಮಧ್ಯದಲ್ಲಿ ಓಡಿದರೆ ಅದು ಕಾಣುವುದಿಲ್ಲ. ಒಂದು ಮೆಟ್ಟಿಲು ಬೇಜಾರು ಹಿಡಿಸುವಷ್ಟು ಸಲೀಸಾದ ಮೇಲೆ ಮುಂದಿನದು.

ಇನ್ನು ಹೊರೆಯ ಮಾತು

ಇಲ್ಲಿಯವರೆಗೆ ಹೇಳಿದ್ದು ಹೆದರಿಕೆಗೆ. ಕೆಲಸವೇ ಜಾಸ್ತಿ ಇದ್ದರೆ ಮೇಲಿನವರ ಹತ್ತಿರ ಹೋಗಲೇಬೇಕು. "ಸರ್, ತುಂಬಾ ಪ್ರೆಶರ್ ಆಗ್ತಿದೆ" ಅಂತ ಮಾತ್ರ ಹೇಳಬೇಡಿ. ಬರುವ ಉತ್ತರ ನನಗೆ ಬಾಯಿಪಾಠ: "ಯಾರಿಗಿಲ್ಲ ಹೇಳಿ? ನನಗಿಲ್ವಾ?" ಅಲ್ಲಿಗೆ ಬಾಗಿಲು ಮುಚ್ಚಿತು.

ಕಾಗದ ತೆಗೆದುಕೊಂಡು ಹೋಗಿ. ಒಂದು ವಾರ ಯಾವ ಕೆಲಸಕ್ಕೆ ಎಷ್ಟು ಹೊತ್ತು ಹೋಯಿತು ಅಂತ ಬರೆದಿದ್ದರೆ ಸಾಕು. ಬೆಳಿಗ್ಗೆ, ಅವರ ಮೊದಲ ಕಾಫಿ ಆದ ಮೇಲೆ ಹೋಗುವುದು ಒಳ್ಳೆಯದು. ತಿಂಗಳ ಕೊನೆ ಬೇಡ, ಮಾರ್ಚ್ ಅಂತೂ ಬೇಡವೇ ಬೇಡ. ನಾನು ಮಾತಾಡಿದ್ದು ಹೆಚ್ಚುಕಮ್ಮಿ ಹೀಗೆ:

"ಸರ್, ನಾಲ್ಕು ಗಂಟೆವರೆಗೆ ಕ್ಯಾಶ್ ಬಿಟ್ಟು ಏಳೋ ಹಾಗಿಲ್ಲ. ಆಮೇಲೆ ಟ್ಯಾಲಿಗೆ ಮುಕ್ಕಾಲು ಗಂಟೆ. ಉಳಿಯೋದು ಒಂದೂಕಾಲು ಗಂಟೆ. ಅದರಲ್ಲಿ ಚಿನ್ನದ ಸಾಲದವರಿಗೆ ಫೋನ್, ಆಡಿಟ್ ಉತ್ತರ, ಇನ್ಶೂರೆನ್ಸ್ ಮೂರೂ ಇವೆ. ಒಂದು ಪೂರ್ತಿ ಆಗುತ್ತೆ, ಇನ್ನೊಂದು ಅರ್ಧ. ಯಾವುದು ಮೊದಲು ಅಂತ ನೀವೇ ಹೇಳಿ."

"ಮೂರೂ ಆಗ್ಬೇಕಲ್ರೀ."

"ಆಗ್ಲಿ ಸರ್. ಹಾಗಾದ್ರೆ ವಾರಕ್ಕೆ ಎರಡು ದಿನ ಟ್ಯಾಲಿ ಹೊತ್ತಿಗೆ ಇನ್ನೊಬ್ಬರನ್ನ ಜೊತೆಗೆ ಕೊಡಿ."

ಸ್ವಲ್ಪ ಹೊತ್ತು ಮೌನ. ಕೊನೆಗೆ ಹರಾಜಿನ ದಿನಗಳಿಗೆ ಮಾತ್ರ ಒಬ್ಬರನ್ನು ಕೊಟ್ಟರು. ಕೇಳಿದ್ದರಲ್ಲಿ ಅರ್ಧ ಸಿಕ್ಕಿತು. ಆ ಅರ್ಧವೇ ದೊಡ್ಡದು, ಏಕೆಂದರೆ ಟ್ಯಾಲಿ ಹೊತ್ತಿನ ನನ್ನ 8 ಬರುತ್ತಿದ್ದದ್ದು ಅದೇ ದಿನಗಳಲ್ಲಿ. ಪುಸ್ತಕ ಬರೆದಿರದಿದ್ದರೆ ಏನು ಕೇಳಬೇಕು ಅಂತಲೇ ನನಗೆ ಗೊತ್ತಿರುತ್ತಿರಲಿಲ್ಲ.

ಮಾತಾಡಿದ ಮೇಲೆ ಎರಡು ಸಾಲಿನ ಮೆಸೇಜ್ ಹಾಕಿ: 'ಸರ್, ಬೆಳಿಗ್ಗೆ ಹೇಳಿದಂತೆ ಇವತ್ತು ಆಡಿಟ್ ಉತ್ತರ ಮುಗಿಸುತ್ತೇನೆ, ಫೋನ್ ನಾಳೆ.' ಜಗಳಕ್ಕಲ್ಲ, ನೆನಪಿಗೆ. ಬೈಗುಳ, ಅವಮಾನ ದಿನಾ ನಡೆಯುತ್ತಿದ್ದರೆ ತಾರೀಖು, ಮಾತು, ಎದುರಿಗಿದ್ದವರು, ಎಲ್ಲ ಬರೆದಿಡಿ. ಯೂನಿಯನ್ ಇದ್ದರೆ ಯೂನಿಯನ್, ಇಲ್ಲದಿದ್ದರೆ ಎಚ್‌ಆರ್. ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳ ಆಗುತ್ತಿದ್ದರೆ 2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು. ಅಂಥ ಕಡೆ ಉಸಿರಾಟದ ಅಭ್ಯಾಸ ಹೇಳಿಕೊಡುವುದು ಅನ್ಯಾಯ.

ಗ್ರೂಪಿನ 'ಟಿಂಗ್' ಬಗ್ಗೆ: ಎಲ್ಲ ಮೆಸೇಜಿಗೂ ಒಂದೇ ಶಬ್ದ ಇಡಬೇಡಿ. ಆಫೀಸ್ ಗ್ರೂಪ್ ಮ್ಯೂಟ್ ಮಾಡಿ, ದಿನಕ್ಕೆ ನಾಲ್ಕು ಹೊತ್ತು ನೀವಾಗಿ ತೆಗೆದು ನೋಡಿ. "ನಿಜವಾಗ್ಲೂ ಅರ್ಜೆಂಟ್ ಇದ್ರೆ ಫೋನ್ ಮಾಡಿ ಸರ್" ಅಂತ ಹೇಳಿಬಿಡಿ. ನಾನು ಹೇಳಿದ ಮೇಲೆ ಆರು ತಿಂಗಳಲ್ಲಿ ಬಂದ ಫೋನ್ ಎರಡು.

ಮನೆಯವರಿಗೆ ಹೇಳುವುದು

"ಎಲ್ರಿಗೂ ಟೆನ್ಷನ್ ಇರುತ್ತೆ ಬಿಡಿ" ಅಂದಳು ನನ್ನ ಹೆಂಡತಿ, ಮೊದಲ ಸಲ. ತಪ್ಪು ಅವಳದ್ದಲ್ಲ. ಮೂರು ವರ್ಷ ನಾನೇ ಗ್ಯಾಸ್ ಅಂತ ಹೇಳಿದ್ದೆ. ನೋಟ್‌ಬುಕ್ ತೋರಿಸಿದ ಮೇಲೆ ಸುಮ್ಮನೆ ಪುಟ ತಿರುಗಿಸಿದಳು. "ಭಾನುವಾರ ನಾಲ್ಕು ಗಂಟೆಗೆ ನೀವು ಸಿಡುಕೋದು ಇದಕ್ಕಾ? ನಾನೇನೋ ತಪ್ಪು ಮಾಡ್ದೆ ಅಂದ್ಕೊಂಡಿದ್ದೆ" ಅಂದಳು. ಮನೆಯವರಿಂದ ಏನು ಬೇಕು ಅಂತ ಸ್ಪಷ್ಟವಾಗಿ ಹೇಳಿ. ನನಗೆ ಬೇಕಿದ್ದದ್ದು ಪರಿಹಾರ ಅಲ್ಲ. ಮನೆಗೆ ಬಂದ ಮೇಲೆ ಇಪ್ಪತ್ತು ನಿಮಿಷ ಯಾರೂ ಏನೂ ಕೇಳಬಾರದು, ಅಷ್ಟೇ. ಆಮೇಲೆ ತರಕಾರಿ ಹೆಚ್ಚುವುದು ನನ್ನ ಪಾಲು.

ಸಂಜೆ ಅರ್ಧ ಗಂಟೆ ಬೇಗ ಬೇಗ ನಡೆಯಿರಿ, ಮಲಗುವ ಹೊತ್ತು ದಿನಾ ಒಂದೇ ಇರಲಿ. ಎಲ್ಲರೂ ಹೇಳುವುದೇ ಇದು, ನಿಜವೂ ಹೌದು. ಕುಡಿತ ಆ ರಾತ್ರಿ ನಿದ್ದೆ ತರಿಸಿದ ಹಾಗೆ ಮಾಡಿ ನಡುರಾತ್ರಿ ಎಬ್ಬಿಸುತ್ತದೆ, ಮಾರನೇ ದಿನ ಆತಂಕವನ್ನು ಬಡ್ಡಿ ಸಮೇತ ವಾಪಸ್ ಕೊಡುತ್ತದೆ.

ಯಾವಾಗ ಡಾಕ್ಟರ ಹತ್ತಿರ

ಆತಂಕ ಎಷ್ಟಿದೆ ಅಂತ ಅಳೆಯಲು ಜಿಎಡಿ-7 ಅನ್ನುವ ಏಳು ಪ್ರಶ್ನೆಯ ಪಟ್ಟಿ ಇದೆ, 2006ರಲ್ಲಿ ಬಂದದ್ದು. ಕಳೆದ ಎರಡು ವಾರದಲ್ಲಿ ತಳಮಳ, ನಿಲ್ಲಿಸಲಾಗದ ಚಿಂತೆ, ಕೂತಲ್ಲಿ ಕೂರಲಾಗದಿರುವುದು, ಸಿಡುಕು, ಏನೋ ಕೆಟ್ಟದ್ದಾಗುತ್ತದೆ ಅನ್ನುವ ಭಯ, ಇಂಥವು ಎಷ್ಟು ದಿನ ಕಾಡಿದವು ಅಂತ ಕೇಳುತ್ತದೆ. ಒಂದೊಂದಕ್ಕೆ 0ಯಿಂದ 3, ಒಟ್ಟು 21. ಹತ್ತು ಮುಟ್ಟಿದರೆ ತೋರಿಸಿಕೊಳ್ಳುವುದು ಒಳ್ಳೆಯದು. ಹದಿನೈದು ಮುಟ್ಟಿದರೆ ತಡ ಮಾಡಲೇಬೇಡಿ. ರಜೆಯಲ್ಲೂ ಆತಂಕ ಹೋಗದಿದ್ದರೆ, ಕೆಲಸಕ್ಕೆ ಹೋಗಲು ಕಾಲೇ ಏಳದಿದ್ದರೆ, ದಿನಾ ಕುಡಿದೇ ಮಲಗುವಂತಾದರೆ, ಅಂಕಿ ನೋಡುತ್ತಾ ಕೂರುವ ಅಗತ್ಯ ಇಲ್ಲ. ಸಾಯಬೇಕು ಅನ್ನುವ ಯೋಚನೆ ಬಂದರೆ ಅವತ್ತೇ, ಆಗಲೇ, ಯಾರಿಗಾದರೂ ಹೇಳಿ. ಒಬ್ಬರೇ ಇರಬೇಡಿ.

ಯಾರಿಗೆ ಅಂತ ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಅದರ ಹೆಸರು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ್ದು, ಹಿಂದೆ ನಿಂತಿರುವುದು ನಮ್ಮ ಬೆಂಗಳೂರಿನ ನಿಮ್ಹಾನ್ಸ್. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸಿಗೇ ಹೋಗಬೇಕು ಅಂತಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯದ ವಿಭಾಗ ಇರುತ್ತದೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೂ ಮನೋವೈದ್ಯರು ಬರುತ್ತಾರೆ, ಮಂಗಳವಾರಗಳಲ್ಲಿ. ನಿಮ್ಮ ಆಸ್ಪತ್ರೆಯಲ್ಲಿ ಯಾವ ವಾರ ಅಂತ ಒಮ್ಮೆ ಕೇಳಿಕೊಂಡು ಹೋಗಿ.

'ಹುಚ್ಚಾಸ್ಪತ್ರೆಗೆ ಹೋದ' ಅಂದಾರು ಅನ್ನುವ ಅಳುಕು ನನಗೂ ಇತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಮ್ಮ ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು ಅನ್ನುತ್ತದೆ. ಮೈಯ ಕಾಯಿಲೆಗೆ ಇರುವ ಹಾಗೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಅಂತಲೂ ಹೇಳುತ್ತದೆ. ಆದರೆ ಬರೀ ತೋರಿಸಿಕೊಂಡು ಬರುವ ಖರ್ಚನ್ನು ಎಷ್ಟೋ ಪಾಲಿಸಿಗಳು ಕೊಡುವುದಿಲ್ಲ, ನಿಮ್ಮದನ್ನು ಓದಿ ನೋಡಿ.

ಮಾತ್ರೆ ಬಗ್ಗೆ ಎರಡು ಮಾತು. ಸಹೋದ್ಯೋಗಿ ಕೊಡುವ 'ಅರ್ಧ ಮಾತ್ರೆ' ಬೇಡ. ಅದು ಸಾಮಾನ್ಯವಾಗಿ ಆಲ್ಪ್ರಜೋಲಮ್ ಆಗಿರುತ್ತದೆ. ಅರ್ಧ ಗಂಟೆಯಲ್ಲಿ ಹಾಯೆನಿಸುತ್ತದೆ, ಅದಕ್ಕೇ ಅಭ್ಯಾಸವಾಗಿಬಿಡುತ್ತದೆ. ವೈದ್ಯರು ದಿನಾ ತೆಗೆದುಕೊಳ್ಳಲು ಕೊಡುವ ಔಷಧಿಗಳು ಸಾಮಾನ್ಯವಾಗಿ ಬೇರೆ ಜಾತಿ. ಅವು ಕೆಲಸ ತೋರಿಸಲು ಕೆಲವು ವಾರ ಬೇಕು. 'ನಾಲ್ಕು ದಿನ ತಗೊಂಡೆ, ಏನೂ ಆಗ್ಲಿಲ್ಲ' ಅಂತ ಬಿಡಬೇಡಿ. ಚೆನ್ನಾಗಿದೆ ಅಂತ ಒಂದೇ ಸಲ ನಿಲ್ಲಿಸಲೂಬೇಡಿ, ಕೇಳಿ ನಿಧಾನ ಇಳಿಸಿ.

ಕೆಲಸ ಬಿಡಬೇಕಾ?

ಆತಂಕ 8ರಲ್ಲಿ ಇರುವಾಗ ಈ ತೀರ್ಮಾನ ಬೇಡ. ಆಗ ಟ್ಯಾಲಿ ಹಾಳೆಯೇ ಕಣ್ಣಿಗೆ ಬೀಳುವುದಿಲ್ಲ, ಬದುಕಿನ ಲೆಕ್ಕ ಎಲ್ಲಿ ಬೀಳುತ್ತದೆ? ಮೇಲಿನದ್ದೆಲ್ಲ ಎರಡು ಮೂರು ತಿಂಗಳು ಮಾಡಿ, ಹೆದರಿಕೆ ಇಳಿದ ಮೇಲೂ ಹೊರೆ ಹಾಗೇ ಇದ್ದರೆ ಆಗ ಯೋಚಿಸಿ. ಇಎಂಐ, ಬಾಡಿಗೆ, ಮಕ್ಕಳ ಫೀಸು ಸೇರಿ ಆರು ತಿಂಗಳ ಖರ್ಚು ಕೈಯಲ್ಲಿದ್ದರೆ ಮೇಲಿನವರ ಎದುರು ಕೂತು ಮಾತಾಡುವ ದನಿಯೇ ಬದಲಾಗುತ್ತದೆ. ಬಿಡದಿದ್ದರೂ ಸರಿ, ಆ ದುಡ್ಡು ಇಡಿ. ಬಿಡುವುದಕ್ಕೂ ಇರುವುದಕ್ಕೂ ನಡುವೆ ಬೇರೆ ದಾರಿಗಳೂ ಇವೆ: ಬೇರೆ ಸೀಟು, ಬೇರೆ ಬ್ರಾಂಚ್, ಬೇರೆ ಶಿಫ್ಟ್.

ನಾನು ಕ್ಯಾಶಿನಿಂದ ಸಾಲದ ವಿಭಾಗಕ್ಕೆ ಹಾಕಿ ಅಂತ ಬರೆದುಕೊಟ್ಟೆ. ಒಂದು ವರ್ಷ ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ಕ್ಯಾಶ್ ಅಂದರೆ ಮೊದಲಿನ ಹೆದರಿಕೆ ಉಳಿದಿರಲಿಲ್ಲ, ಅದೊಂದು ತಮಾಷೆ. ಭಾನುವಾರ ನಾಲ್ಕು ಗಂಟೆಗೆ ಹೊಟ್ಟೆ ಈಗಲೂ ಒಮ್ಮೊಮ್ಮೆ ಹಿಂಡುತ್ತದೆ. ಹೋದ ವಾರ ಪುಸ್ತಕದಲ್ಲಿ 3 ಅಂತ ಬರೆದು ಕಾಫಿ ಕುಡಿಯದೆ ಎದ್ದೆ. ಮಗಳ ಸೈಕಲ್ಲಿಗೆ ಗಾಳಿ ಹೊಡೆಸಬೇಕಿತ್ತು. ಬರುವಾಗ ಅಂಗಡಿಯಲ್ಲಿ ಅರ್ಧ ಕೆಜಿ ತೊಗರಿಬೇಳೆ ತಂದೆವು.